ಮಗನ ಎದುರು ಗೆದ್ದ ಪಂದ್ಯ

ಮಾನ್ಯ ಅಧ್ಯಕ್ಷರಾದ ಜಯರಾಮ ಅವರೇ, ಪೈಠಣದಿಂದ ಬಿಡುವು ಮಾಡಿಕೊಂಡು ಬಂದಿರುವ ಅತಿಥಿ ವಸುಧಾ ಅವರೇ, ನಮ್ಮ ಶ್ರಮಿಕ ತಂಡದ ಆಟಗಾರರೇ, ಸೋತರೂ ಈ ಸಮಾರಂಭಕ್ಕೆ ಬಂದಿರುವ ಸಹ್ಯಾದ್ರಿ ತಂಡದವರೇ, ವಾಳೂಜಿನ ಸಭಿಕರೇ,

ನಾನು ಮಂಗಲಾ. ಟೇಲರ್. ಫುಟ್‌ಬಾಲನ್ನು ಕಾಲಿನಿಂದ ಮುಟ್ಟಿದವಳಲ್ಲ. ಆದರೂ ಗೆದ್ದವರ ಪರವಾಗಿ ನಾಲ್ಕು ಮಾತಾಡಲು ನನ್ನನ್ನೇ ಕರೆದಿದ್ದೀರಿ. ಏಕೆ? ಮೈದಾನದಲ್ಲಿ ನನ್ನಷ್ಟು ಜೋರಾಗಿ ಕೂಗುವವರು ಇನ್ನೊಬ್ಬರಿಲ್ಲವಂತೆ. ಮೈಕ್ ಬೇರೆ ಕೊಟ್ಟಿದ್ದೀರಿ, ಅದರ ಅಗತ್ಯವಿರಲಿಲ್ಲ.

ಈ ತಂಡವನ್ನು ಕಟ್ಟಿದವರು ನನ್ನ ಯಜಮಾನರು, ಮಹಾದೇವಪ್ಪನವರು. ವಿಜಾಪುರದ ಕಡೆಯಿಂದ ಈ ಮರಾಠಿ ನಾಡಿಗೆ ಗಾರೆ ಕೆಲಸಕ್ಕೆ ಬಂದವರು, ಸಂಜೆ ಹೊತ್ತು ಜೊತೆಗಾರರನ್ನು ಸೇರಿಸಿಕೊಂಡು ಆಡಿಸಿದರು. ಅವರು ತೀರಿಕೊಂಡಾಗ, ಇನ್ನು ತಂಡ ಮುರಿಯಿತು ಎಂದು ಜನ ಅಂದರು. ಮುರಿಯಿತೇ? ನಾನು ಅಂಗಿ ಹೊಲಿದೆ, ನೀವು ಆಡಿದಿರಿ. ಜಿಲ್ಲಾ ಲೀಗಿನ ಎರಡನೇ ದರ್ಜೆಯ ಪಟ್ಟಿಯಲ್ಲಿ ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿದ್ದೆವು, ಅಷ್ಟೇ. ನಾಲೆಯ ಆಚೆಯ ಸಹ್ಯಾದ್ರಿಯವರನ್ನು ಮಾತ್ರ ಒಮ್ಮೆಯೂ ಸೋಲಿಸಿರಲಿಲ್ಲ.

ಆ ಸಹ್ಯಾದ್ರಿಯಲ್ಲಿ ಈಗ ನನ್ನ ಮಗ ಪ್ರಜ್ವಲ ಆಡುತ್ತಾನೆ. ಮರಾಠಿ ಶಾಲೆಯಲ್ಲಿ ಓದಿದವನು, ಗೆಳೆಯರೆಲ್ಲ ಅಲ್ಲಿದ್ದಾರೆ. ಅಪ್ಪನ ತಂಡವನ್ನು ಬಿಟ್ಟನಲ್ಲ ಎಂದು ಕೆಲವರು ನನ್ನ ಮುಂದೆಯೇ ಅಂದರು. ನನಗೂ ಸಂಕಟವಾಗಿತ್ತು. ಅದಿರಲಿ, ಪಂದ್ಯಕ್ಕೆ ಬರುತ್ತೇನೆ.

ಕಳೆದ ಭಾನುವಾರ ನಾವು ಒಂದು ಗೋಲಿನಿಂದ ಮುಂದಿದ್ದೆವು. ಆಟ ಮುಗಿಯುವ ಹೊತ್ತಿಗೆ ಅವರಿಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವನು ಪ್ರಜ್ವಲ. ಗೋಲಿನಲ್ಲಿ ನಮ್ಮ ಮೈಲಾರಿ. ಪ್ರಜ್ವಲ ತನ್ನ ಎಡಕ್ಕೆ ಒದ್ದ. ಮೈಲಾರಿ ಅದೇ ಕಡೆ ಹಾರಿ ತಡೆದ. ನಾನು ಕೂಗಿದ್ದೇ ಕೂಗಿದ್ದು. ಪಕ್ಕದ ಮನೆಯ ಗುಂಡವ್ವ ಸೆರಗು ಹಿಡಿದು, "ಯವ್ವಾ, ಅಂವ ನಿನ್ನ ಮಗಾ ಅಲ್ಲೇನ?" ಎಂದಳು. ಆಗ ನೋಡಿದೆ. ಅವನು ಮಂಡಿಯೂರಿ ಕುಳಿತಿದ್ದ.

ಮನೆಗೆ ಬಂದು ಊಟಕ್ಕೆ ಕುಳಿತವನು ತಲೆ ಎತ್ತದೆ ಕೇಳಿದ: "ಅವ್ವಾ, ಖರೇ ಹೇಳು. ನಾ ಯಾವ ಬಾಜೂ ಒದೀತೀನಿ ಅಂತ ಮೈಲಾರಿಗೆ ನೀ ಹೇಳಿದ್ಯೇನು?"

ಸಭಿಕರೇ, ಚಿಕ್ಕಂದಿನಿಂದ ನಮ್ಮ ಹಿತ್ತಿಲ ಗೋಡೆಗೆ ಚೆಂಡು ಒದ್ದವನು ಅವನು. ಯಾವ ಕಡೆ ಒದೆಯುತ್ತಾನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂದು ಬೆಳಿಗ್ಗೆ ಅಂಗಿ ಒಯ್ಯಲು ಬಂದ ಮೈಲಾರಿ ಕೇಳಿಯೂ ಇದ್ದ. ಮೈಲಾರಿ, ತಲೆ ತಗ್ಗಿಸಬೇಡಪ್ಪಾ, ಗೋಲಿನಲ್ಲಿ ನಿಲ್ಲುವವನು ಕೇಳಿಯೇ ಕೇಳುತ್ತಾನೆ. ಆದರೆ ನಾನು ಹೇಳಲಿಲ್ಲ. ಮಗನಿಗೂ ಅದನ್ನೇ ತಿಳಿಸಿದೆ.

"ಮತ್ತ ಅಷ್ಟ್ ಜೋರ್ ಯಾಕ ಒದರಿದಿ?"

"ನಮ್ಮ ಟೀಮ್ ಗೆದ್ದಿತ್ತಲ್ಲೋ."

ಅವನು ನಗಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡಿದ. ಆಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ನಂಬಿದ ಎಂದು ನನಗೆ ತಿಳಿಯಿತು.

ಈಗ ತಾನೇ ಅಧ್ಯಕ್ಷರು, ಎರಡೂ ತಂಡಗಳು ಒಂದಾದರೆ ಮೇಲಿನ ದರ್ಜೆಗೆ ಏರಬಹುದು, ತಾಯಿ ಮಗ ಒಂದೇ ಕಡೆ ಆಗಬಹುದು ಎಂದರು. ಚಪ್ಪಾಳೆಯೂ ಬಿತ್ತು. ಜಯರಾಮ ಅವರೇ, ನಿಮ್ಮ ಒಳ್ಳೆಯ ಮನಸ್ಸಿಗೆ ಕೈಮುಗಿಯುತ್ತೇನೆ. ನಿಮ್ಮ ಮಾತಿಗೆ ಒಪ್ಪಲಾರೆ. ಅಪ್ಪ ಕಟ್ಟಿದ ತಂಡ ಇರಲಿ. ಮಗ ತಾನಾಗಿ ಆರಿಸಿಕೊಂಡ ತಂಡವೂ ಇರಲಿ. ಬರುವ ವರ್ಷವೂ ನಾನು ಇದೇ ಕಡೆ ನಿಲ್ಲುತ್ತೇನೆ, ಇಷ್ಟೇ ಜೋರಾಗಿ ಕೂಗುತ್ತೇನೆ. ಪ್ರಜ್ವಲ, ಹಿಂದಿನ ಸಾಲಿನಲ್ಲಿ ಕುಳಿತಿದ್ದೀಯ, ಕೇಳಿಸಿಕೋ: ನಮ್ಮನ್ನು ಸೋಲಿಸಬೇಕೆಂದರೆ ಬಲಗಡೆಗೂ ಒದೆಯಲು ಕಲಿ.

ಇಷ್ಟು ಹೊತ್ತು ಕುಳಿತು ಕೇಳಿದ ನಿಮಗೆಲ್ಲ ಧನ್ಯವಾದ. ಎರಡೂ ತಂಡಗಳಿಗೆ ನನ್ನ ನಮಸ್ಕಾರ.