ಬೋರ್ಡು ತೋರಿಸಿದ ವ್ಯಾಟು

ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದ ಬೋರಯ್ಯನ ಪಕ್ಕದಲ್ಲೇ ಕಂಪ್ಯೂಟರ್ ಅಂಗಡಿಯ ಇಬ್ಬರು ಜಗಳಕ್ಕಿಳಿದಿದ್ದರು.

“ಶಿವರಾಜಣ್ಣ, ಸ್ಕೂಲಿಗೆ ಕೊಟ್ಟಿರೋ ಕಂಪ್ಯೂಟರ್ ಮದರ್‌ಬೋರ್ಡು ಸುಳ್ಳು ಏಳ್ತದೆ.”

“ಅರವತ್ತೈದು ವ್ಯಾಟ್ ಅಂತ ಸ್ಕ್ರೀನ್ ಮೇಲೇ ಬತ್ತದಲ್ಲ ಅಮೃತ?”

“ಅಂಗಡೀಲಿರೋ ಅಂತದ್ದೇ ಒಂದ್ರಲ್ಲಿ ಪ್ರೊಸೆಸರ್‌ಗೆ ಓಗೋ ವೈರಿಗೆ ಮೀಟರ್ ಆಕ್ದೆ. ನೂರಹತ್ತು ಎಳೀತಾದೆ.”

“ಬೋರ್ಡೇ ತೋರ್ಸದ್ನ ನಂಬ್ದೆ ಇನ್ನೇನ್ ನಂಬಾನ?”

“ನಿಮ್ಮಪ್ಪ ಫ್ಯಾಕ್ಟ್ರಿ ತೂಕ ನಂಬಿ ಕಬ್ಬು ಕಳಿಸ್ತಿದ್ರಾ? ಮೊದ್ಲು ಆಚೆ ತೂಗುಸ್ತಿರ್ಲಿಲ್ವಾ?”

ಶಿವರಾಜು ಬೆವರೊರೆಸಿಕೊಂಡ. “ಮಳವಳ್ಳಿ ಸ್ಕೂಲಲ್ಲಿ ಟೆಸ್ಟ್ ಆಕ್ಬುಟ್ಟು ಬಂದಿವ್ನಿ ಕಣಮ್ಮ. ಬೆಳಿಗ್ಗೆಯಿಂದ ಇಪ್ಪತ್ತು ಕಂಪ್ಯೂಟರೂ ಫುಲ್ ಲೋಡಲ್ಲಿ ಓಡ್ತಾವೆ, ಸುಟ್ಟೋದಾವು! ಫೋನ್ ಮಾಡಿ ಆಫ್ ಮಾಡ್ಸು.”

“ಮಾಡ್ದೆ. ಅಟೆಂಡರ್ರು ರೂಮಿಗೆ ಬೀಗ ಜಡ್ದು ಮಂಡ್ಯಕ್ಕೆ ಬಂದವ್ನಂತೆ.”

ಬಸ್ಸು ಬಂತು. ಇಬ್ಬರೂ ಓಡಿ ಹತ್ತಿದರು. ಬೋರಯ್ಯ ಜೇಬಲ್ಲಿದ್ದ ಸ್ಕೂಲಿನ ಕಂಪ್ಯೂಟರ್ ರೂಮಿನ ಬೀಗದ ಕೈಯನ್ನು ಅಮುಕಿ ಹಿಡಿದು, ಹಿಂದಿನ ಬಾಗಿಲಲ್ಲಿ ಹತ್ತಿದ.