ನಕ್ಷತ್ರದ ಫೋಟೊದಲ್ಲಿ ಅತ್ತಿಗೆ

ಬಾವಿ ಹತ್ತಿರ ಬರುತ್ತಿದ್ದ ಹಾಗೇ ಅಶೋಕ ಟಾರ್ಚ್ ಆರಿಸಿಬಿಟ್ಟ.

"ಯಾಕ್ಲಾ?" ಸ್ವರೂಪ ಪಿಸುಗುಟ್ಟಿದ.

"ನಮ್ಮ ಅರ್ಪಿತ ಅತ್ಗೆ ಕಾಲು ಜಾರಿ ಬಿದ್ದಿದ್ದು ಇಲ್ಲೇಯ... ಬಿರ್ರನೆ ನಡಿ."

ಸ್ವರೂಪ ನಮ್ಮ ದೊಡ್ಡಮ್ಮನ ಮಗ. ಮಂಡ್ಯದಲ್ಲಿ ಮದುವೆ ಫೋಟೊ ತೆಗೆಯೋನು, ನಕ್ಷತ್ರದ ಹುಚ್ಚು. ಹೊಸದಾಗಿ ಸ್ಟಾರ್ ಟ್ರ್ಯಾಕರ್ ತಂದಿದ್ದ. ಅಂಗೈಯಗಲದ ಯಂತ್ರ. ಆಕಾಶ ತಿರುಗಿದ ಹಾಗೇ ಕ್ಯಾಮೆರಾವನ್ನೂ ನಿಧಾನಕ್ಕೆ ತಿರುಗಿಸುತ್ತೆ. ನಕ್ಷತ್ರ ಚುಕ್ಕಿಯಾಗೇ ಉಳಿಯುತ್ತೆ, ನೆಲದ ಮೇಲಿನ ಗಿಡಮರ ಕಲಸಿಹೋಗುತ್ತೆ. ಪೇಟೆ ಬೆಳಕಲ್ಲಿ ಆಗಲ್ಲ ಅಂತ, ಆ ಅಮಾವಾಸ್ಯೆ ಆತಗೂರು ಕಡೆ ಗೆಳೆಯ ಅಶೋಕನ ಗದ್ದೆಗೆ ಹೋಗಿದ್ದ.

ಅರ್ಪಿತ ಅಶೋಕನ ಅಣ್ಣನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಜಮೀನಲ್ಲಿ ಪಾಲು ಕೇಳಿದ್ದಳು. ಆ ವರ್ಷವೇ ಬಾವಿ ಪಾಲಾದಳು.

ಕಬ್ಬಿನ ಬದುವಿನಲ್ಲಿ ಕ್ಯಾಮೆರಾ ನಿಲ್ಲಿಸಿದರು. ಟ್ರ್ಯಾಕರ್ ಜೀ... ಅಂತ ಸೊಳ್ಳೆ ಹಾಗೆ ಗುನುಗಿತು. ಗರಿಗಳು ಸರಸರ...

ಮೊದಲನೇ ಫೋಟೊ ಬಂತು. ರಾಗಿ ಚೆಲ್ಲಿದ ಹಾಗೆ ನಕ್ಷತ್ರ. ತೆಂಗಿನಮರಗಳು ಕಲಸಿಹೋಗಿದ್ದವು. ಆದರೆ ಬುಡದಲ್ಲಿ ಒಬ್ಬ ಹೆಂಗಸು... ಬೆನ್ನು ಹಾಕಿ ನಿಂತಿದ್ದಳು. ಸೀರೆಯ ಅಂಚು ಕೂಡ ಸ್ಪಷ್ಟ!

ಸ್ವರೂಪ ಫೋಟೊ ದೊಡ್ಡದು ಮಾಡಿ ನೋಡಿದ. ನೆಲದ ಮೇಲೆ ನಿಂತವರು ಹೀಗೆ ಬರೋದಿಲ್ಲ. ಇವಳು ನಕ್ಷತ್ರದ ಜೊತೆಗೇ ಸರಿಯುತ್ತಿದ್ದಾಳೆ...

ಎರಡನೆಯದರಲ್ಲಿ ಅವಳು ಹತ್ತಿರ ಬಂದಿದ್ದಳು. ಮುಖ ಇತ್ತ ತಿರುಗಿತ್ತು. ಕಣ್ಣು ಕ್ಯಾಮೆರಾ ಮೇಲಲ್ಲ, ಹಿಂದೆ ನಿಂತಿದ್ದ ಅಶೋಕನ ಮೇಲೆ.

"ಅಳಿಸಾಕ್ಲಾ!" ಅಶೋಕ ಕ್ಯಾಮೆರಾಕ್ಕೆ ಕೈ ಹಾಕಿದ.

ತೊಟಕ್... ತೊಟಕ್... ಬೆನ್ನ ಹಿಂದೆ ನೀರು ತೊಟ್ಟಿಕ್ಕಿತು.

"ಅಶೋಕಾ... ಈಗ್ಲಾದ್ರೂ ಕೈ ಕೊಡ್ತೀಯೇನಪ್ಪಾ?"

ಅಶೋಕ ಮಂಡಿಯೂರಿ ಕೈ ಮುಗಿದ. "ನಾ ತಳ್ಳಿಲ್ಲ ಅತ್ಗೆ... ನೀನೇ ಜಾರ್ದೆ... ನಾ ಹಗ್ಗ ಮ್ಯಾಕೆ ಎಳ್ಕಂಡೆ, ಅಷ್ಟೇಯ..."

"ಮೂಗಿನ ಮಟ್ಟ ನೀರು ಬರೋಗಂಟ ಕೂಗ್ದೆ. ಮ್ಯಾಲೆ ಬೀಡಿ ಸೇದ್ತಾ ನಿಂತಿದ್ದೆ ನೀನು. ಕೈ ಕೊಡು."

ಅವನ ಬಲಗೈ ತಾನಾಗೇ ಎದ್ದಿತು. ಯಾರೋ ಹಿಡಿದು ಜಗ್ಗಿದ ಹಾಗೆ ದೇಹ ಬಾವಿ ಕಡೆ ದರದರ ಸರಿದುಹೋಯಿತು. ಸ್ವರೂಪ ಸೊಂಟ ತಬ್ಬಿಕೊಂಡ... ಹಿಡಿತ ಜಾರಿತು. ಕಬ್ಬು ಲಟಲಟ ಮುರಿಯಿತು. ಆಮೇಲೆ... ಗುಳುಂ.

ಸ್ವರೂಪ ಓಡಿಹೋಗಿ ಊರವರನ್ನು ಎಬ್ಬಿಸಿಕೊಂಡು ಬಂದ. ಅಶೋಕ ಬಾವಿಯೊಳಗೆ ನೀರಂಚಿನ ಬಂಡೆ ಮೇಲೆ ಬೋರಲು ಬಿದ್ದಿದ್ದ. ಜೀವ ಇತ್ತು. ಬಲಗೈ ಭುಜದವರೆಗೂ ನೀರೊಳಗೆ. ಆ ಕೈ ಬಿಡಿಸೋಕೆ ಗಟ್ಟಿಮುಟ್ಟಾದ ಗಂಡಸರೆಲ್ಲ ಸೇರಿ ಎಳೆಯಬೇಕಾಯಿತು. ಅವತ್ತಿನಿಂದ ಅವನ ಬಾಯಲ್ಲಿ ಒಂದು ಮಾತಿಲ್ಲ.

ಹೋದ ಬೇಸಿಗೆಯಲ್ಲಿ ನಾನೇ ನೋಡಿ ಬಂದೆ. ಮಂಚದಾಚೆ ಜೋತುಬಿದ್ದ ಆ ಕೈ ಬಿಳಚಿ ಸುಕ್ಕುಗಟ್ಟಿದೆ. ತಾಯಿ ಮಲ್ಲಿಗಮ್ಮ ಒರೆಸುತ್ತಾಳೆ, ಮತ್ತೆ ಒದ್ದೆಯಾಗುತ್ತೆ. ಕೆಳಗೆ ಒಂದು ಬಕೆಟ್ ಇಟ್ಟಿದ್ದಾರೆ.

ಸುಳ್ಳು ಹೇಳಿ ನನಗೇನಾಗಬೇಕು? ಕಣ್ಣಾರೆ ಕಂಡಿದ್ದು. ಆ ಬಕೆಟ್ಟಿನಲ್ಲಿ ಒಂದು ಮೀನುಮರಿ ಓಡಾಡುತ್ತಿತ್ತು.