ರಾಜೀನಾಮೆ ಕೊಡದವರಿಗೆ ಬೀಳ್ಕೊಡುಗೆ

ಮಾನ್ಯ ಅಧ್ಯಕ್ಷರಾದ ಪರಮೇಶ್ವರಪ್ಪನವರೇ, ಹಾಕಿ ಸಂಘದ ಕಮಿಟಿಯ ಹಿರಿಯರೇ, ನಮ್ಮ ಹುಡುಗರಿಗೆ ಆಟ ಕಲಿಸುವ, ಈಗ ಮಾಲೆ ಹಾಕಿಸಿಕೊಂಡು ಕುಳಿತಿರುವ ಹಯಾತ ಉಸ್ತಾದರೇ, ಶಿಗ್ಗಾಂವದ ಸಭಿಕರೇ,

ನನ್ನನ್ನು ಇಲ್ಲಿ ನಿಲ್ಲಿಸಿದ್ದು ನಾನು ಹೆಚ್ಚು ಮಾತಾಡುವವನಲ್ಲ ಎಂಬ ಕಾರಣಕ್ಕೆ. ಯುದ್ಧದ ದಿನಗಳು, ದೀಪಕ್ಕೆ ಸೀಮೆಎಣ್ಣೆ ಸಿಗದು. ಉಸ್ತಾದರನ್ನು ಚಿಕ್ಕದಾಗಿ ಹೊಗಳಿ ಕಳಿಸಿಬಿಡಿ ಎಂದು ಅಧ್ಯಕ್ಷರ ಅಪ್ಪಣೆ. ಆದರೆ ಕಳಿಸುವುದು ಎಲ್ಲಿಗೆ? ಹಯಾತರು ರಾಜೀನಾಮೆ ಕೊಟ್ಟಿಲ್ಲ. ಅವರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಕೈ ಎತ್ತಿ ತೀರ್ಮಾನಿಸುವುದು ನನ್ನ ಭಾಷಣದ ನಂತರವಂತೆ. ಮಾಲೆ ಮೊದಲು, ತೀರ್ಮಾನ ಆಮೇಲೆ. ಹೂವು ಬಾಡಬಾರದಲ್ಲ!

ನಮ್ಮ ತಂಡ ಸೋಲುತ್ತಿದೆ, ನಿಜ. ಸವಣೂರಿನಲ್ಲಿ ಸೋತೆವು. ಹಿರೇಕೆರೂರಿನಲ್ಲಿ ಎಷ್ಟು ಸೋತೆವೆಂದರೆ, ಅಲ್ಲಿಯವರು ಗೋಲು ಹೊಡೆದು ಬೇಸತ್ತು ನಮಗೆ ಪಾನಕ ಕೊಟ್ಟರು. ಯಾಕೆ ಸೋತೆವು?

ಈ ಊರಿನಲ್ಲಿ ದೊಡ್ಡವರ ಮಕ್ಕಳಿಗೆ ಪಂಕ್ತಿಯಲ್ಲಿ ಮೊದಲ ಎಲೆ, ಸಭೆಯಲ್ಲಿ ಮುಂದಿನ ಗಾದಿ. ಅದೇ ಪದ್ಧತಿಯನ್ನು ಮೈದಾನಕ್ಕೂ ಒಯ್ದೆವು. ಯಾರ ಮಗ ಎಲ್ಲಿ ನಿಲ್ಲಬೇಕೆಂದು ಉಸ್ತಾದರು ಹೇಳುವಂತಿಲ್ಲ, ಕಮಿಟಿ ಹೇಳುತ್ತದೆ. ಕಮಿಟಿಯವರ ಮಕ್ಕಳೆಲ್ಲ ಮುಂದೆ. ಚೆಂಡು ಮಾತ್ರ ಹಿಂದೆ. ಉಸ್ತಾದರು ಕೈ ಮುಗಿಯುತ್ತಿದ್ದರು: "ಒಬ್ಬರರ ಗೋಲಿನಾಗ ನಿಲ್ರಿ ಸಾಹೇಬ್ರ." ಅಧ್ಯಕ್ಷರ ಚಿರಂಜೀವಿ ಶಂಕ್ರಪ್ಪನ ಉತ್ತರ ಊರಿಗೇ ಗೊತ್ತು: "ಬಾಗಲಾ ಕಾಯಾಕ ನಮ್ಮನಿಯಾಗ ಆಳು ಅದಾನ. ಅವನ್ನ ಕಳಸ್ಲೇನು?" ಕಳಿಸಿದ್ದರೆ ಗೆಲ್ಲುತ್ತಿದ್ದೆವೋ ಏನೋ.

ಒಂದು ವರ್ಷ ಆ ಜಾಗದಲ್ಲಿ ನನ್ನ ಮಗ ಪ್ರಹ್ಲಾದ ನಿಂತ. ಚರ್ಮದ ಚೆಂಡು ಮುಟ್ಟಿ ಬಂದನೆಂದು ಅವನ ತಾಯಿ ಗೋಪಿಕಾಬಾಯಿ ಬಾಗಿಲಲ್ಲೇ ತಡೆಯುತ್ತಿದ್ದಳು: "ಹಿತ್ತಲಕ ಹೋಗು, ಸ್ನಾನಾ ಮಾಡಿ ಒಳಗ ಬಾ." ಅವನು ನಗುತ್ತಿದ್ದ: "ಅವ್ವಾ, ನಾ ಮುಟ್ಟೀನಿ ಅಂತನ ಗೋಲ್ ಆಗ್ಲಿಲ್ಲ." ಆ ವರ್ಷ ನಾವು ಸೋಲಲಿಲ್ಲ. ಆಗಲೂ ಉಸ್ತಾದರು ಇವರೇ ಇದ್ದರು, ಸ್ವಾಮೀ. ಹೋದ ಶ್ರಾವಣದಲ್ಲಿ ಪ್ರಹ್ಲಾದ ವಿಷಮಜ್ವರದಿಂದ ತೀರಿಕೊಂಡ. ಗೋಲು ಬರಿದಾಯಿತು.

ಮಾತಾಡಿಸಲು ಬಂದವರೆಲ್ಲ ದೇವರ ಇಚ್ಛೆ ಎಂದರು. ಹಯಾತರು ಅಂಗಳದಲ್ಲಿ ನಿಂತು, "ನಿಮ್ಮ ಹುಡುಗ ಚೆಂಡು ಬರೂವಾಗ ಕಣ್ಣು ಮುಚ್ಚತಿದ್ದಿಲ್ರಿ" ಎಂದರು. ಅಷ್ಟೇ. ಈಗ ನಮ್ಮ ಮನೆಯಲ್ಲಿ ಅವನ ಹೆಸರು ಎತ್ತುವಂತಿಲ್ಲ. ಎತ್ತಿದರೆ ಅವನ ತಾಯಿ ಎದ್ದು ಒಳಗೆ ಹೋಗುತ್ತಾಳೆ. ನಾನು ಸಂಜೆ ಮೈದಾನಕ್ಕೆ ಹೋಗಿ ಕೂಡುತ್ತೇನೆ. ಅವನು ಯಾವ ಚೆಂಡನ್ನು ಹೇಗೆ ತಡೆದನೆಂದು ಉಸ್ತಾದರು ಹೇಳುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳಿಸುತ್ತೇನೆ. ಇವರು ಹೋದರೆ ನಾನು ಯಾರನ್ನು ಕೇಳಲಿ?

ಕ್ಷಮಿಸಬೇಕು. ಇದು ಸಭೆಯ ವಿಷಯವಲ್ಲ.

ಸಭೆಯ ವಿಷಯಕ್ಕೆ ಬರುತ್ತೇನೆ. ಭಾನುವಾರ ಹಾನಗಲ್ಲಿನವರು ಆಡಲು ಬರುತ್ತಾರೆ. ಉಸ್ತಾದರನ್ನು ತೆಗೆಯಬೇಕೆನ್ನುವವರು ಧಾರಾಳವಾಗಿ ಕೈ ಎತ್ತಿರಿ. ಎತ್ತಿದವರ ಮನೆಯಿಂದ ಒಬ್ಬ ಹುಡುಗ ಅಂದು ಗೋಲಿನಲ್ಲಿ ನಿಲ್ಲಬೇಕು, ಅಷ್ಟೇ ಕರಾರು.

ಏನು, ಯಾರ ಕೈಯೂ ಏಳಲೊಲ್ಲದು? ಅಧ್ಯಕ್ಷರದೂ ಶಾಲಿನೊಳಗೇ ಇದೆ. ಹಾಗಾದರೆ ತೀರ್ಮಾನವಾಯಿತೆಂದು ತಿಳಿಯುತ್ತೇನೆ.

ಹಯಾತರೇ, ನಾಳೆ ಸಂಜೆ ಅಭ್ಯಾಸವಿದೆಯಲ್ಲ? ಗೋಲಿಗೆ ಯಾರೂ ಸಿಗದಿದ್ದರೆ ನನಗೆ ಹೇಳಿ ಕಳಿಸಿ. ಅವನು ಕಾಲಿಗೆ ಕಟ್ಟುತ್ತಿದ್ದ ಪ್ಯಾಡುಗಳು ಹಿತ್ತಲ ಗೂಟದಲ್ಲೇ ಇವೆ. ಇಷ್ಟು ದಿನ ನಾನು ಮುಟ್ಟಿರಲಿಲ್ಲ. ಕಟ್ಟುವುದು ಹೇಗೆಂದು ಮಾತ್ರ ನೀವು ತೋರಿಸಬೇಕು.

ಇಷ್ಟು ಹೊತ್ತು ಕುಳಿತು ಕೇಳಿದಿರಿ, ಎಲ್ಲರಿಗೂ ಉಪಕಾರ. ನಮಸ್ಕಾರ.